ನಮ್ಮವರ ಷರಾಯಿ ತೊಟ್ಟ ತಿದಾ

ನನ್ನ ಗಂಡ ವಾಂಡಿಫಾ ತೀರಿಕೊಂಡು ಐದು ತಿಂಗಳಾಯಿತು. ಅವರ ಬಗ್ಗೆ ಬರೆಯಲು ಕುಳಿತರೆ ಕೈ ಏಳುವುದಿಲ್ಲ. ಅದಕ್ಕೆ ತಿದಾಳ ಬಗ್ಗೆ ಬರೆಯುತ್ತೇನೆ. ತಿದಾ ನನ್ನ ಸವತಿ. ನನಗೆ ಐದು ಮಕ್ಕಳು. ಅವಳಿಗೆ ಒಂದೂ ಇಲ್ಲ.

ಗಾಂಬಿಯಾ ನದಿಯ ದಡದ ನಮ್ಮ ಗದ್ದೆಗಳಲ್ಲಿ ಭತ್ತದ ಕೆಲಸ ಹೆಂಗಸರದು. ನಾಟಿಯಲ್ಲಿ ತಿದಾಳನ್ನು ಹಿಂದೆ ಹಾಕುವವರು ಇರಲಿಲ್ಲ. ಆದರೆ ಮದುವೆಯಾಗಿ ಏಳು ವರ್ಷವಾದರೂ ಬಸಿರಾಗಲಿಲ್ಲ. ತಾಯತ ಕಟ್ಟಿದರು. ದೋಣಿಯಲ್ಲಿ ಆಸ್ಪತ್ರೆಗೂ ಹೋಗಿ ಬಂದಳು. ಮೈದುನ ಬುರಾಮಾನ ಮಗುವಿಗೆ ಹೆಸರಿಡುವ ದಿನ ಕೂಸನ್ನು ಎತ್ತಿಕೊಳ್ಳಲು ಅವಳು ಕೈ ಚಾಚಿದಳು. ಅವನು ಎಲ್ಲರೆದುರು ಅಂದ:

"ಅತ್ತಿಗೆ, ಈ ಮನೇಲಿ ನೀನು ನೆಂಟಳು. ನೆಂಟರು ಉಂಡು ಎದ್ದು ಹೋಗ್ತಾರೆ. ನೀನು ಯಾವಾಗ ಹೊರಡೋದು?"

ಕೆಲವರು ನಕ್ಕರು. ನಾನೂ ನಕ್ಕೆ. ಅದನ್ನು ಬರೆಯದೆ ಬಿಡಬಾರದು.

ಅಂದು ಮಲಗಿದವಳು ಏಳಲಿಲ್ಲ. ಗೋಡೆಗೆ ಮುಖ. ತಲೆ ಬಾಚಲಿಲ್ಲ. ಕಡಲೆಕಾಯಿ ಸಾರು ಹಾಕಿದ ಅನ್ನ ಇಟ್ಟಲ್ಲೇ ಒಣಗುತ್ತಿತ್ತು.

"ಏಳೇ, ಹಕ್ಕಿಗಳು ನಿನ್ನ ಭತ್ತ ತಿಂತಿವೆ."

"ತಿನ್ಲಿ ಬಿಡಕ್ಕ. ಅವಕ್ಕೆ ಮರಿ ಇರ್ತವೆ."

ನನಗೆ ಹೆದರಿಕೆಯಾಯಿತು. ಮುಸುಕೆಬ್ಬಾಳ ಬಳಿಗೆ ಓಡಿದೆ. ಅವಳು ನಮ್ಮೂರ ಕಾನ್ಯಲೆಂಗ್ ಗುಂಪಿನ ಹಿರಿಯಳು. ಮಕ್ಕಳಾಗದವರು, ಹೆತ್ತ ಮಕ್ಕಳನ್ನು ಮಣ್ಣು ಮಾಡಿದವರು ಸೇರಿದ ಗುಂಪು ಅದು. ಗಂಡಸರ ಹರಕು ಬಟ್ಟೆ ತೊಡುತ್ತಾರೆ, ಡಬ್ಬ ಬಡಿಯುತ್ತಾರೆ, ಬಾಯಿಗೆ ಬಂದದ್ದು ಆಡುತ್ತಾರೆ. ಇಮಾಮರೂ ಅವರನ್ನು ಗದರುವಂತಿಲ್ಲ.

ಹನ್ನೆರಡು ಜನ ಹಳದಿ ಡಬ್ಬ ಬಡಿಯುತ್ತ ಬಂದರು. ಮುಸುಕೆಬ್ಬಾ ತಿದಾಳ ಕಾಲು ಹಿಡಿದೆಳೆದಳು.

"ಹೆಣ ಅಂದ್ಕೊಂಡಿದ್ದೆ. ಬೆಚ್ಚಗಿದೀಯಲ್ಲೇ!"

ಅಂಗಳದಲ್ಲಿ ಕೂರಿಸಿ, ಕೈ ಬೆನ್ನ ಹಿಂದೆ ಇಡಿಸಿ, ಆಡಿನ ಬಾನಿಯಿಂದ ಗಂಜಿ ಕುಡಿಸಿದರು. ಗುಂಪಿಗೆ ಸೇರಿಸಿಕೊಂಡು ತಿಪ್ಪೆ ಎಂದು ಹೆಸರಿಟ್ಟರು.

"ಇನ್ನು ನಿನ್ನ ಮರ್ಯಾದೆ ಕಳೆಯೋಕೆ ಯಾರಿಗೇನು ಉಳಿದಿದೆ? ನಾವೇ ಕಳೆದು ಮುಗಿಸಿದ್ವಲ್ಲ!"

ಮೂಗಿಗೆ ಗಂಜಿ ಮೆತ್ತಿಕೊಂಡ ತಿದಾ ಅತ್ತಳು. ಅಳುತ್ತಲೇ ನಕ್ಕಳು. ಒಂದೇ ದಿನಕ್ಕೆ ಸರಿಹೋಗಲಿಲ್ಲ. ನಾಲ್ಕು ಮಕ್ಕಳನ್ನು ಹೂತ ಮುಸುಕೆಬ್ಬಾ ಆ ಮಳೆಗಾಲವೆಲ್ಲ ದಿನಾ ಬೆಳಿಗ್ಗೆ ಬಂದು ಅವಳ ಜಡೆ ಹೆಣೆದಳು.

ನಾನು ಮಾತ್ರ ತಿಂಗಳು ಲೆಕ್ಕ ಹಾಕುತ್ತಿದ್ದೆ. "ಇನ್ನೂ ಏನೂ ಆಗಿಲ್ವಲ್ಲ," ಅಂದೆ.

"ನೀನು ನನ್ನ ಹತ್ರ ಮಗು ಕೇಳೋಕೆ ಬಂದ್ಯಾ, ತಿದಾನ ಕೇಳೋಕೆ ಬಂದ್ಯಾ?" ಅಂದಳು ಮುಸುಕೆಬ್ಬಾ.

ಮಗು ಆಗಲೇ ಇಲ್ಲ. ತಿದಾ ಮತ್ತೆ ಗದ್ದೆಗೆ ಇಳಿದಳು.

ನಮ್ಮವರು ತೀರಿಕೊಂಡ ನಲವತ್ತನೇ ದಿನದ ದಾನಕ್ಕೆ ಹಿರಿಯರು ಸೇರಿದ್ದರು. ಬುರಾಮಾ ಬಾಯಿ ತೆರೆದ. "ಮಕ್ಕಳಿರೋ ಅತ್ತಿಗೆ ಇರ್ಲಿ. ನೆಂಟಳು ಅಪ್ಪನ ಮನೆಗೆ ಹೋಗ್ಲಿ."

ತಿದಾ ಎದ್ದು ಒಳಗೆ ಹೋದಳು. ಮತ್ತೆ ಗೋಡೆಗೆ ಮುಖ ಮಾಡಿದಳು ಅಂದುಕೊಂಡೆ.

ಹೊರಗೆ ಬಂದಳು. ಮೈಮೇಲೆ ನಮ್ಮವರ ನೀಲಿ ಷರಾಯಿ, ನಮ್ಮವರ ಟೊಪ್ಪಿ. ಕಾಲ ನಡುವಿನ ಒನಕೆಯೇ ಕುದುರೆ. ಬುರಾಮಾನ ಎದುರು ನಿಂತು ಥೇಟ್ ನಮ್ಮವರ ಹಾಗೆ ಕೆಮ್ಮಿದಳು.

"ಲೋ ಬುರಾಮಾ! ನನ್ನ ದಾನದ ಅನ್ನ ಇನ್ನೂ ನಿನ್ನ ಗಂಟಲಲ್ಲೇ ಇದೆ, ಆಗ್ಲೇ ನನ್ನ ಹೆಂಡ್ತೀನ ಓಡಿಸ್ತೀಯೇನೋ? ನಿನ್ನ ಕುಂಡೆ ತೊಳೆದು ಬೆಳೆಸಿದವನು ನಾನು ಕಣೋ!"

ಬುರಾಮಾ ಕೈ ಎತ್ತಿದ. ಇಮಾಮರು ನಗು ಮುಚ್ಚಲು ಬಾಯಿಗೆ ಕೈ ಅಡ್ಡ ಹಿಡಿದು, ಬೇಡ ಎಂದು ತಲೆ ಅಲ್ಲಾಡಿಸಿದರು. ಕೈ ಇಳಿಯಿತು.

"ಆಯ್ತಣ್ಣ, ಇರ್ಲಿ," ಅಂದ. ಅಣ್ಣ ಅಂದದ್ದು ಅವನಿಗೇ ಆಮೇಲೆ ಗೊತ್ತಾಯಿತು. ಅಂಗಳವೆಲ್ಲ ನಕ್ಕಿತು. ನಮ್ಮವರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು. ಈ ಸಲ ತಿದಾಳ ಪಕ್ಕ ನಿಂತು ನಕ್ಕೆ.

ಷರಾಯಿ ಈಗ ಅವಳ ಪೆಟ್ಟಿಗೆಯಲ್ಲೇ ಇರುತ್ತದೆ. ನನಗೆ ಬೇಕು ಅನಿಸುತ್ತದೆ. ಕೇಳುವುದಿಲ್ಲ. ನಿನ್ನೆ ಆಚೆ ದಡದಿಂದ ಒಬ್ಬ ಬಂದಿದ್ದ. ಅವನ ಹೆಂಡತಿ ಮಲಗಿದವಳು ಏಳುತ್ತಿಲ್ಲವಂತೆ. ತಿದಾ ಷರಾಯಿ ತೊಟ್ಟು, ಡಬ್ಬ ಹೆಗಲಿಗೇರಿಸಿ ದೋಣಿ ಹತ್ತಿದಳು.