ಬಕ್ಕಲ್ ನಂಬರು

ನಮ್ಮ ಕಾಕುವಿನ ಬೆರಳ ತುದಿಗಳು ಸದಾ ಕಂದು ಬಣ್ಣಕ್ಕಿದ್ದವು. ಹುಣಸೇಹಣ್ಣಿಗೆ ಒಲೆಯ ಬೂದಿ ಸೇರಿಸಿ ಹಿತ್ತಾಳೆ ಪಾತ್ರೆ ತಿಕ್ಕಿ ತಿಕ್ಕಿ ಉಗುರಿನ ಸಂದಿಗೆ ಇಳಿದ ಆ ಬಣ್ಣ ದೀಪಾವಳಿಯ ಎಣ್ಣೆನೀರಿಗೂ ಹೋಗುತ್ತಿರಲಿಲ್ಲ. ತಂಬಿಗೆಯ ಕಂಠದಲ್ಲಿ ಎಳ್ಳಷ್ಟು ಕಿಲುಬು ಕಂಡರೂ ಆಕೆಗೆ ಮೈ ಉರಿಯುತ್ತಿತ್ತು. ಕಿಲುಬಿನ ಮೇಲೆ ಇದ್ದ ಸಿಟ್ಟು ಮನುಷ್ಯರ ಮೇಲೂ ಇತ್ತು. ಹತ್ತಿದರೆ ಬಿಡುತ್ತಿರಲಿಲ್ಲ.

ನನ್ನ ತಂದೆಯ ತಮ್ಮ ಕಾಕಾ, ಆತನ ಹೆಂಡತಿ ಕಾಕು. ಮಕ್ಕಳಿರಲಿಲ್ಲ. ಪುಣೆಯ ಪೇಠೆಯೊಂದರ ಹಳೆಯ ವಾಡೆಯಲ್ಲಿ, ಕೆಳಗಿನ ಎರಡು ಖೋಲಿಗಳಲ್ಲಿ ಇಬ್ಬರೂ ಖಾನಾವಳಿ ನಡೆಸುತ್ತಿದ್ದರು. ವಿಜಾಪುರ, ಧಾರವಾಡ ಕಡೆಯಿಂದ ನೌಕರಿಗೆ ಬಂದ ನಮ್ಮ ಜನ ಅಲ್ಲಿ ಭಕ್ರಿ, ಶೇಂಗಾ ಚಟ್ನಿ ತಿಂದು ಊರಿನ ನೆನಪು ತೀರಿಸಿಕೊಳ್ಳುತ್ತಿದ್ದರು. ಯುದ್ಧ ಶುರುವಾಗಿ ಲಷ್ಕರಿನ ಬಟ್ಟೆಯ ಗೋದಾಮಿನಲ್ಲಿ ನನಗೆ ಕಾರಕೂನಿಕೆ ಸಿಕ್ಕಾಗ ನಾನೂ ಬಂದು ಅವರಲ್ಲೇ ಉಳಿದೆ.

ಕಾಕು ಒಮ್ಮೆ ಒಲೆಯ ಮುಂದೆ ಕೂತಳೆಂದರೆ ಕೊನೆಯ ಎಲೆ ಏಳುವವರೆಗೆ ಏಳುತ್ತಿರಲಿಲ್ಲ. ಬಡಿಸುವುದು ಕಾಕಾನ ಕೆಲಸ. ಹೀಗಾಗಿ, ಕೆಳಗೆ ಕೂತ ಆಕೆಗೆ ಬಂದು ನಿಂತವರ ಮುಖ ಕಾಣುತ್ತಿದ್ದುದೇ ಕಡಿಮೆ. ಧೋತರದ ಗಂಟು, ಕೋಟಿನ ಕೆಳಗಿನ ಗುಂಡಿ, ಇವುಗಳಿಂದಲೇ ಆಕೆ ಜನರನ್ನು ಗುರುತಿಸುತ್ತಿದ್ದಳು. "ಆ ಎರಡು ಗುಂಡಿ ಹೋದಾಂವಗ ಇನ್ನೊಂದು ಭಕ್ರಿ ಹಾಕ್ರಿ, ನಾಚಿಕೊಂಡು ಕೂತಾನ" ಎಂದು ಕೂತಲ್ಲಿಂದಲೇ ಕೂಗುತ್ತಿದ್ದಳು. ಆಕೆಗೆ ಒಂದೇ ಒಂದು ನೇಮ ಇತ್ತು. "ಉಣ್ಣಾಕ ಕೂತಾಂವ ವೈರಿ ಆದ್ರೂ ಎಬ್ಬಿಸಬಾರದು. ಎಲಿ ಮುಂದ ಕೂತಾಂವ ದೇವರ ಮುಂದ ಕೂತಂಗ." ಒಮ್ಮೆ ಉಣ್ಣುತ್ತಿದ್ದ ಹುಡುಗನೊಬ್ಬನಿಗೆ ಅಣ್ಣ ತೀರಿದ ತಾರು ಬಂದಾಗಲೂ ಅವನ ಊಟ ಮುಗಿಯುವ ತನಕ ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದಳು.

ರೇಶನ್ನಿನ ದಿನಗಳವು. ಒಂದು ಮಧ್ಯಾಹ್ನ ಉಣ್ಣುವವರೆಲ್ಲ ಎದ್ದು, ಕೊನೆಗೆ ಕಾಕಾ ಬಾಗಿಲಿಗೆ ಬೆನ್ನು ಮಾಡಿ ಎಲೆ ಹಾಕಿಕೊಂಡು ಕೂತಿದ್ದ. ಬಾಗಿಲಲ್ಲಿ ಬೂಟು ಸಪ್ಪಳವಾಯಿತು. ಕೆಂಪು ಟೋಪಿ, ತೋಳಿಗೆ ಕರಿ ಪಟ್ಟಿ, ಪಟ್ಟಿಯ ಮೇಲೆ ಕೆಂಪಕ್ಷರದಲ್ಲಿ ಎಂ.ಪಿ. ಮಿಲಿಟರಿ ಪೊಲೀಸ್ ಎಂದರೆ ಆಗ ಪೇಠೆಯ ಜನ ಗೋಡೆಗೆ ಅಂಟಿಕೊಳ್ಳುತ್ತಿದ್ದರು. "ಓಡಿಬಂದ ಸಿಪಾಯಿಗೆ ಊಟ ಹಾಕ್ತೀರಿ" ಎಂದು ಆತ ಮರಾಠಿಯಲ್ಲಿ ಗದರಿದ. ತಪ್ಪು ತಿಳಿದಿದ್ದೀರಿ ಎಂದು ಕಾಕಾ ಹೇಳುವುದರೊಳಗೆ ಜುಟ್ಟು ಹಿಡಿದು ಎಲೆಯ ಮುಂದಿನಿಂದ ಎಬ್ಬಿಸಿ ಕಪಾಳಕ್ಕೆ ಹೊಡೆದ. ಕಾಕಾನ ಕೈಯಲ್ಲಿ ಇನ್ನೂ ತುತ್ತು ಇತ್ತು. ಎಡಗಿವಿಯಿಂದ ರಕ್ತ ಸೋರಿ ಅಂಗಿ ನೆನೆಯಿತು. ಬಂದವನು ಮೂಲೆಯಲ್ಲಿದ್ದ ಅಕ್ಕಿಯ ಚೀಲವನ್ನು ಹಮಾಲನೊಬ್ಬನಿಗೆ ಹೊರಿಸಿಕೊಂಡು ಹೋದ.

ಸಂಜೆ ನಾನು ಬಂದಾಗ ಆ ಎಲೆ ಹಾಗೇ ಇತ್ತು. ಕಾಕು ಅದನ್ನು ತೆಗೆದಿರಲಿಲ್ಲ.

ಮರುದಿನ ಕಾಕಾ ಪೊಲೀಸ್ ಚೌಕಿಗೆ ಹೋದ. "ಲಷ್ಕರಿ ಮಾಮಲಾ, ನಮ್ಮದಲ್ಲ" ಎಂದರು. ನಾನು ಆತನನ್ನು ಕ್ಯಾಂಪಿನಲ್ಲಿದ್ದ ಕೆಂಪು ಟೋಪಿಯವರ ಕಚೇರಿಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಗೋರಾ ಸಾರ್ಜಂಟನಿಗೆ ಕೆಂಪು ಮೀಸೆ, ಮುಖದ ತುಂಬ ಬೇಸರ. ನಾನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆ ಬೇಸರ ಹೋಗಿ ಸಿಟ್ಟು ಬಂತು. ಇಂಥ ದೂರು ಇದೇ ಮೊದಲಲ್ಲವಂತೆ. ಪಟ್ಟಿ ಯಾವ ತೋಳಿಗಿತ್ತು ಎಂದು ಕೇಳಿದ. ಕಾಕಾ ಯೋಚಿಸಿ, "ಹೊಡೆದ ಕೈಗೆ ಇರಲಿಲ್ರಿ" ಎಂದ. ಹಾಗಾದರೆ ನಮ್ಮವನಲ್ಲ ಎಂದು ಸಾರ್ಜಂಟ ತನ್ನ ಬಲದೋಳು ತಟ್ಟಿ ತೋರಿಸಿದ. ನಮ್ಮ ಪಟ್ಟಿ ಬಲಕ್ಕೆ, ನಮ್ಮ ಬೆಲ್ಟು ಬಿಳಿಬಣ್ಣ ಬಳಿದ ಕ್ಯಾನ್‌ವಾಸಿನದು, ನಾವು ಹಿಡಿಯುವುದು ಸಿಪಾಯಿಗಳನ್ನು, ಊರ ಜನರನ್ನಲ್ಲ. ಈ ಪಟ್ಟಿ ಕಳ್ಳ ಬಜಾರಿನಲ್ಲೂ ಸಿಗುತ್ತದೆ, ಆದರೆ ಹಾಕಿಕೊಂಡವನು ಯಾರು ಎಂದು ತಿಳಿಯದೆ ಏನು ಮಾಡಲಿ ಎಂದ.

ಮತ್ತೆ ಚೌಕಿ. ಹೊಡೆದವನು ಮಿಲಿಟರಿಯವನಲ್ಲವಂತೆ ಎಂದಾಗ ಈ ಸಲ ಜಮಾದಾರ ಒಂದೇ ಪ್ರಶ್ನೆ ಕೇಳಿದ, ನಂಬರು ಏನು ಎಂದು: "ಬಕ್ಕಲ್ ನಂಬರ್ ಕಾಯ್?"

ಸಿವಿಲ್ ಪೊಲೀಸರ ಸೊಂಟದ ಬೆಲ್ಟಿನ ಮೇಲೆ, ಹೊಕ್ಕುಳಿನ ಹತ್ತಿರ, ಹಿತ್ತಾಳೆಯ ಬಿಲ್ಲೆ ಇರುತ್ತದೆ. ಪ್ರತಿಯೊಬ್ಬನಿಗೂ ಅದರ ಮೇಲೆ ಅವನದೇ ನಂಬರು. ಪುಣೆಯಲ್ಲಿ ಅದಕ್ಕೆ ಬಕ್ಕಲ್ ನಂಬರು ಎನ್ನುತ್ತಾರೆ. ಕಾಕಾನಿಗೆ ಮರಾಠಿ ಬರುತ್ತಿತ್ತು, ಪೊಲೀಸರ ಮರಾಠಿ ಬರುತ್ತಿರಲಿಲ್ಲ. ಮೇಲಾಗಿ ಒಂದು ಕಿವಿ ಕೆಟ್ಟಿತ್ತು. ಆತನಿಗೆ ಕೇಳಿಸಿದ್ದು 'ಬಕ್ಕ' ಮಾತ್ರ. ಬಕ್ಕತಲೆಯವನೋ ಎಂದು ಕೇಳುತ್ತಿದ್ದಾರೆ ಅಂದುಕೊಂಡು, "ಟೋಪಿ ಹಾಕಿದ್ದ ಸಾಹೇಬ, ಕೂದಲು ಇತ್ತೋ ಇಲ್ಲೋ ಕಾಣಲಿಲ್ಲ" ಎಂದುಬಿಟ್ಟ. ನಾನು ತಿದ್ದುವುದರೊಳಗೆ ಚೌಕಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಿವಿ ಕೆಡಿಸಿದವರೂ ಪೊಲೀಸರೇ, ಕೇಳಿಸಲಿಲ್ಲವೆಂದು ನಕ್ಕವರೂ ಪೊಲೀಸರೇ. ಆ ನಗೆ ಇಂದಿಗೂ ನನ್ನ ಕಿವಿಯಲ್ಲಿದೆ.

ಕಾಕಾ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ನಡೆದದ್ದನ್ನು ನಾನು ಕಾಕುವಿಗೆ ಹೇಳಿ, ಬಕ್ಕಲ್ ಎಂದರೇನೆಂದೂ ವಿವರಿಸಿದೆ. ಆಕೆ ಚೊಂಬು ತಿಕ್ಕುತ್ತಿದ್ದಳು. ಕೈ ನಿಂತಿತು.

"ಹಿತ್ತಾಳಿ ಬಿಲ್ಲೆ ಏನು? ಅದನ್ನ ನಾ ನೋಡೇನಿ."

"ಎಲ್ಲಿ ಕಾಕು?"

"ಅವನ ಹೊಟ್ಟಿ ಮ್ಯಾಲ. ಮತ್ತೆಲ್ಲಿ ಇರ್ತದ? ನೀವೆಲ್ಲಾ ತೋಳು ನೋಡ್ತೀರಿ, ನನಗ ಕಾಣೋದು ಸೊಂಟನ. ನಾಕುನೂರಾ ಹದಿನೇಳು. ಏಳರ ಬಾಗಿನ್ಯಾಗ ಹಸರು ಕಿಲುಬು ಕೂತಿತ್ತು. ತಿಕ್ಕಿ ಗೊತ್ತಿಲ್ಲದ ಹಲ್ಕಟ್."

ತೋಳಿಗೆ ಮಿಲಿಟರಿ ಪಟ್ಟಿ ಏರಿಸಿದವನು ಹೊಟ್ಟೆಯ ಮೇಲಿನ ಸಿವಿಲ್ ಬಿಲ್ಲೆ ತೆಗೆಯುವುದನ್ನು ಮರೆತಿದ್ದ. ನಾನು ಈಗಲೇ ಚೌಕಿಗೆ ಹೋಗಿ ಹೇಳುತ್ತೇನೆಂದು ಎದ್ದೆ. ಕಾಕು ನನ್ನ ಅಂಗಿ ಹಿಡಿದು ಕೂರಿಸಿದಳು.

"ಹುಚ್ಚಪ್ಪಾ, ಅಲ್ಲಿ ಹೇಳಿದ್ರ ಅವರ ಮಂದೀನ ಅವರು ಬಚಾವ್ ಮಾಡ್ತಾರ. ಮುಳ್ಳು ಮುಳ್ಳಿನಿಂದನ ತಗೀಬೇಕು. ಆ ಕೆಂಪ ಮೀಸಿಯವನ ಕಡೆ ನಡಿ. ತನ್ನ ಪಟ್ಟಿ ಕದ್ದಾರ ಅಂತ ಅವಂಗ ಹೊಟ್ಟಿ ಉರೀತದ. ಆ ಉರಿ ನಮಗ ಬೇಕು."

ಆಕೆಯೇ ನನ್ನ ಜೊತೆ ಟಾಂಗಾದಲ್ಲಿ ಕ್ಯಾಂಪಿಗೆ ಬಂದಳು. ಸಾರ್ಜಂಟ ನಂಬರು ಕೇಳಿ ಮೇಜು ಕುಟ್ಟಿದ. ಪಟ್ಟಿ ತೋಳಿಗಿದ್ದಾಗಲೇ ಅವನನ್ನು ಹಿಡಿಯಬೇಕು, ಬಾಗಿಲಲ್ಲೇ ಹಿಡಿಯುತ್ತೇನೆ ಎಂದ. ಕಾಕು ತಲೆಯಾಡಿಸಿದಳು. "ಬಾಗಲದಾಗ ಬ್ಯಾಡ ಅಂತ ಹೇಳು. ಅಂವಾ ಎಲಿ ಮುಂದ ಕೂಡಬೇಕು. ಅನ್ನದಾಗ ಕೈ ಇಟ್ಟಿರಬೇಕು. ಆವಾಗ ಎಬ್ಬಿಸಬೇಕು." ನಾನು ಅನುವಾದ ಮಾಡುತ್ತ ಆಕೆಯ ಮುಖ ನೋಡಿದೆ. ಜೀವಮಾನವಿಡೀ ಕಾಪಾಡಿದ ನೇಮ ಅದು. ಆಕೆ ಕಣ್ಣು ಮಿಟುಕಿಸಲಿಲ್ಲ.

ಚೌಕಿಯ ಪಕ್ಕದ ಪಾನಪಟ್ಟಿ ಅಂಗಡಿಯಲ್ಲಿ ನಾನೇ ಸುದ್ದಿ ಬಿಟ್ಟೆ: ಖಾನಾವಳಿಗೆ ಹೊಸ ಅಕ್ಕಿ ಬಂದಿದೆ. ನಾನೂ ರಜೆ ಹಾಕಿ ಮನೆಯಲ್ಲೇ ಉಳಿದೆ. ಎರಡು ದಿನ ಸಾರ್ಜಂಟ ಮತ್ತು ಅವನ ಜೊತೆಗಾರ ಹಿಟ್ಟಿನ ಡಬ್ಬಿಗಳ ನಡುವೆ ಒಳಖೋಲಿಯಲ್ಲಿ ಬೆವರುತ್ತ ಕೂತರು. ಮೂರನೆಯ ಮಧ್ಯಾಹ್ನ ಬೂಟು ಸಪ್ಪಳವಾಯಿತು. ಅದೇ ಕೆಂಪು ಟೋಪಿ, ಅದೇ ಪಟ್ಟಿ, ಅದೂ ಎಡದೋಳಿಗೇ.

"ಯಾ ಸಾಹೇಬ, ಯಾ" ಎಂದು ಕಾಕು ಮರಾಠಿಯಲ್ಲಿ ಜೇನಿನಂತೆ ಒಳಗೆ ಕರೆದಳು. ಅಕ್ಕಿ ಎಲ್ಲಿಗೂ ಓಡಿ ಹೋಗುವುದಿಲ್ಲ, ಮೊದಲು ಊಟವಾಗಲಿ ಎಂದಳು. ಖುಷಿಯಾಗಿ ಕೂತ. ಕಾಕಾ ಎಲೆ ಹಾಕಿದ, ಅನ್ನ ಬಡಿಸಿದ. ಆತ ಕಟ್ಟಿನ ಸಾರು ಕಲಸಿ ತುತ್ತು ಎತ್ತಿದ.

"ತುಪ್ಪ ಹಾಕ್ಲ್ಯಾ?" ಎಂದು ಕಾಕು ಗಟ್ಟಿಯಾಗಿ ಕೇಳಿದಳು. ಸಾರ್ಜಂಟನ ಜೊತೆ ಮೊದಲೇ ಗೊತ್ತುಮಾಡಿಕೊಂಡ ಗುರುತಿನ ಮಾತು ಅದು.

ಒಳಗಿನಿಂದ ಸಾರ್ಜಂಟ ಬಂದು ಕುತ್ತಿಗೆಪಟ್ಟಿ ಹಿಡಿದು ಎಬ್ಬಿಸಿದ. ಬೆತ್ತದಿಂದ ಬಿಲ್ಲೆ ಕುಟ್ಟಿ ಇಂಗ್ಲಿಷಿನಲ್ಲಿ ನಂಬರು ಓದಿದ. ಕಾಕು ಒಲೆಯ ಮುಂದಿನಿಂದ ಅದನ್ನೇ ಕನ್ನಡದಲ್ಲಿ ಹೇಳಿದಳು. ಆತನ ತುತ್ತು ಕೈಯಲ್ಲೇ ಇತ್ತು. "ಮಾವಶೀ, ನಿದಾನ್ ಜೇವೂ ತರೀ ದ್ಯಾ" ಎಂದು ಗೋಗರೆದ, ಊಟವಾದರೂ ಮಾಡಲು ಬಿಡಿ ಎಂದು.

ಕಾಕು ಒಲೆ ಬಿಟ್ಟು ಎದ್ದಳು. ಹಾಗೆ ಊಟದ ನಡುವೆ ಆಕೆ ಎದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹತ್ತಿರ ಹೋಗಿ ಅವನ ಮುಖ ನೋಡಿ, ಕನ್ನಡದಲ್ಲೇ ಹೇಳಿದಳು: "ನಮ್ಮವರೂ ಉಣ್ಣಾಕತ್ತಿದ್ರು."

ಎಲೆಯನ್ನು ಆಕೆಯೇ ಮಡಚಿ, ಬೀದಿಯಲ್ಲಿದ್ದ ಎಮ್ಮೆಗೆ ಹಾಕಿ ಬಂದಳು. ಅಂದು ಉಣ್ಣಲಿಲ್ಲ. "ನನ್ನ ನೇಮ ನಾನ ಮುರದೇನಿ, ಅದಕ್ಕ ಉಪವಾಸ. ಪಶ್ಚಾತ್ತಾಪ ಅಂತ ಮಾತ್ರ ತಿಳ್ಕೋಬ್ಯಾಡ" ಎಂದಳು. ಆತನಿಗೆ ಜೈಲಾಯಿತು, ಬಿಲ್ಲೆ ಹೋಯಿತು. ಕಾಕಾನ ಕಿವಿ ಮಾತ್ರ ಬರಲಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಆತ ಮುಂದೆ ಎಂದೂ ಉಣ್ಣಲಿಲ್ಲ. ಯುದ್ಧ ಮುಗಿಯುವ ಮೊದಲೇ ತೀರಿಕೊಂಡ. ಕ್ಷಮೆ ದೊಡ್ಡದೆಂದು ನನಗೆ ಬುದ್ಧಿ ಹೇಳಿದವರು ಬಹಳ ಜನ. ಅವರಲ್ಲಿ ಯಾರನ್ನೂ ಯಾರೂ ಎಲೆಯ ಮುಂದಿನಿಂದ ಎಬ್ಬಿಸಿರಲಿಲ್ಲ.

ಸ್ವಾತಂತ್ರ್ಯ ಬರುವುದಕ್ಕೆ ಕೆಲವೇ ತಿಂಗಳು ಮೊದಲು ಕಾಕು ಹಾಸಿಗೆ ಹಿಡಿದಳು. ಕೊನೆಯ ದಿನ ನಾನು ಗಂಗಾಜಲದ ಗಿಂಡಿ ಹಿಡಿದು ಪಕ್ಕದಲ್ಲಿ ಕೂತಿದ್ದೆ. "ವಿಠ್ಠಲ ಅನ್ನು ಕಾಕು" ಎಂದೆ. ಆಕೆ ನನ್ನ ಕೈ ಹಿಡಿದು ಬೇರೇನೋ ಕೇಳಿದಳು.

"ನಾಕುನೂರಾ ಹದಿನೇಳು... ಇದ್ದಾನೇನು?"

ಆತ ಎಲ್ಲಿದ್ದಾನೋ, ಏನಾದನೋ ನನಗೆ ತಿಳಿದಿರಲಿಲ್ಲ. "ಇಲ್ಲ ಕಾಕು. ಹೋದ" ಎಂದೆ.

ಆಕೆಯ ಕಂದು ಬೆರಳುಗಳು ಬಿಗಿಯಾದವು. "ಉಂಡು ಸತ್ತನೋ, ಉಪವಾಸ ಸತ್ತನೋ?"

"ಉಪವಾಸ" ಎಂದೆ, ಕಣ್ಣು ಮಿಟುಕಿಸದೆ.

"ಬರೋಬ್ಬರಿ ಆತು" ಎಂದು ಕಾಕು ಬಾಯಿ ತೆರೆದಳು. ನಾನು ಗಂಗಾಜಲ ಬಿಟ್ಟೆ.