ಎರಡು ಸೀಟಿನ ಕಾರು, ತವರಿನ ಇಂಜಿನ್ನು

ಹೋದ ವಾರದಿಂದ ನನ್ನ ಬಾಯಿ ನಿಂತಿಲ್ಲ. ಹಾಲಿನವಳಿಗೆ ಹೇಳಿದೆ. ಪ್ಯಾಂಟಿಗೆ ಗುಂಡಿ ಹಾಕಲು ಬರುವ ಹುಡುಗಿಯರಿಗೆ ಹೇಳಿದೆ. ಗುಮ್ಮಘಟ್ಟದ ಶೇರ್ ಆಟೋದಲ್ಲಿ ಪಕ್ಕ ಕೂತಿದ್ದ, ಗುರುತು ಪರಿಚಯ ಇಲ್ಲದ ಹೆಂಗಸಿಗೂ ಹೇಳಿದೆ. ಕೇಳುತ್ತಾ ಕೇಳುತ್ತಾ ಆಕೆ ಇಳಿಯಬೇಕಾದ ಊರು ದಾಟಿಹೋಯಿತು, ಆಮೇಲೆ ನನ್ನನ್ನೇ ಬೈದಳು. ಇನ್ನು ಹೇಳಲು ಯಾರೂ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಸೊಟ್ಟಗಿದ್ದರೆ ನೀವೇ ನೆಟ್ಟಗೆ ಮಾಡಿಕೊಂಡು ಓದಿ. ವಿಷಯ ಇಷ್ಟೇ: ನಮ್ಮ ಮನೆಯ ಕಾರು ಓಡಿತು.

ಕಾರೆಂದರೆ ನೀವು ನೆನೆಸುವಂಥ ಕಾರಲ್ಲ. ಎರಡೇ ಸೀಟು. ಮೂತಿ ಉದ್ದ, ಹಿಂದೆ ಮೊಟಕು, ತಲೆಯ ಮೇಲೆ ತಗಡಿಲ್ಲ. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಒಳಗೆ ಕೂತವರನ್ನು ಕೋಳಿಗಳು ಕಣ್ಣಿಗೆ ಕಣ್ಣಿಟ್ಟು ನೋಡುತ್ತವೆ. ಪರದೇಶದಲ್ಲಿ ಪಂದ್ಯಕ್ಕೆ ಬಿಡುವ ಜಾತಿಯದಂತೆ. ಓಬಳಾಪುರದ ಕಡೆಯ ಸಾಹುಕಾರರೊಬ್ಬರು ಪ್ರಾಯದಲ್ಲಿ ಆಸೆಪಟ್ಟು ತರಿಸಿಕೊಂಡಿದ್ದರು. ಮದುವೆಯಾಗಿ ಮೂರು ಮಕ್ಕಳಾದವು. "ಇದ್ರಾಗ ನೀವು ಮತ್ತ ನಿಮ್ಮ ಟೋಪಿ, ಇಬ್ರೇ ಹಿಡಿಯೋದು. ನಾವೇನು ಹಿಂದ ಓಡಿ ಬರಬೇಕೇನ್ರಿ?" ಎಂದು ಹೆಂಡತಿ ಕೇಳಿದಳಂತೆ. ಅವರ ಲಾರಿಗಳನ್ನು ರಿಪೇರಿ ಮಾಡುತ್ತಿದ್ದ ನಮ್ಮ ಯಜಮಾನರಿಗೆ ಅದನ್ನು ಕೊಟ್ಟುಬಿಟ್ಟರು. ನಮ್ಮವರು ರಾಯದುರ್ಗದಲ್ಲಿ ಬಳ್ಳಾರಿ ರಸ್ತೆಗೆ ಶೆಡ್ಡು ಹಾಕಿಕೊಂಡಿದ್ದ ಮೆಕ್ಯಾನಿಕ್ಕು. ಆ ಕಾರನ್ನು ನೋಡುತ್ತಿದ್ದ ನೋಟದಲ್ಲಿ ಕಾಲುಭಾಗವಾದರೂ ನನ್ನ ಕಡೆ ನೋಡಬಾರದೇ ಎಂದು ನಾನು ಹೊಟ್ಟೆಕಿಚ್ಚು ಪಟ್ಟದ್ದುಂಟು.

ಆದರೆ ಆ ಕಾರಿನ ಇಂಜಿನ್ನು ಬಿಚ್ಚಿಸಿದವಳೂ ನಾನೇ.

ನನ್ನ ತವರು ಮಡಕಶಿರಾ ಕಡೆಯ ಹಳ್ಳಿ. ನನ್ನ ತಮ್ಮನಿಗೆ ಅಲ್ಲಿ ಹಿಪ್ಪುನೇರಳೆ ತೋಟ, ಮನೆಯೊಳಗೆ ರೇಷ್ಮೆ ಹುಳು. ಒಂದು ಬೇಸಿಗೆ, ಹುಳು ಗೂಡು ಕಟ್ಟುವ ಮುಂಚೆ ಬಾಯಿ ಮುಚ್ಚದೆ ಸೊಪ್ಪು ತಿನ್ನುವ ಹೊತ್ತಿನಲ್ಲೇ, ಬಾವಿಯ ಮೇಲಿದ್ದ ಅವನ ಪಂಪಿನ ಇಂಜಿನ್ನು ಒಡೆದುಹೋಯಿತು. ನೀರಿಲ್ಲದೆ ಸೊಪ್ಪು ಬಾಡುತ್ತಿದೆ ಎಂದು ಸುದ್ದಿ ಬಂತು. ನಾನು ಒಲೆಯ ಮುಂದೆ ಕೂತು ಅತ್ತೆ. ನಮ್ಮವರು ಎದ್ದು ಹೋಗಿ ಕಾರಿನ ಮೂತಿ ಎತ್ತಿದರು, ಸಾಯಂಕಾಲದೊಳಗೆ ಇಂಜಿನ್ನು ಬಿಚ್ಚಿ ಲಾರಿಗೆ ಹಾಕಿಸಿಕೊಂಡು ಮಡಕಶಿರಾಕ್ಕೆ ಹೊರಟರು. ಪಂದ್ಯಕ್ಕೆ ಹುಟ್ಟಿದ ಇಂಜಿನ್ನು ಸೀಮೆಎಣ್ಣೆ ಕುಡಿದು ನೀರೆತ್ತಿತು. ಹುಳು ಉಳಿದವು. ವಾಪಸ್ ಬಂದವರು ನನಗೆ ಹೇಳಿದ್ದು ಇಷ್ಟೇ:

"ನೋಡು, ಹೆಣ್ಣು ಕೊಟ್ಟ ಮನಿಗೆ ಕೊಟ್ಟೀನಿ. ಬಾಯಿ ಬಿಟ್ಟು ವಾಪಸ್ ಕೇಳಿದ್ರ ಮಾನ ಹೋಗತೈತಿ. ನಾನೂ ಕೇಳಂಗಿಲ್ಲ, ನೀನೂ ಕೇಳಬ್ಯಾಡ."

ಆಗ ನನ್ನ ಮಗನಿಗೆ ಮೀಸೆ ಬಂದಿರಲಿಲ್ಲ. ಈಗ ಅವನ ಮಗಳು ಆಟೋಮೊಬೈಲ್ ಡಿಪ್ಲೊಮಾ ಮುಗಿಸಿದ್ದಾಳೆ. ಅಷ್ಟೂ ವರ್ಷ ಕಾರು ಶೆಡ್ಡಿನೊಳಗೆ ಇಟ್ಟಿಗೆಗಳ ಮೇಲೆ ಕೂತಿತ್ತು. ನಮ್ಮವರು ಶುಕ್ರವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದರು, ಇಂಜಿನ್ನಿನ ಹೆಸರೆತ್ತುತ್ತಿರಲಿಲ್ಲ. ಎತ್ತಿದ್ದರೆ ಎಷ್ಟೋ ವಾಸಿಯಿತ್ತು. ಒಂದು ಜಗಳವಾಡಿ ಮುಗಿಸುತ್ತಿದ್ದೆ. ಇತ್ತ ನನ್ನ ತಮ್ಮ ಹಬ್ಬಕ್ಕೆ ಬಂದರೆ ಹೊರಗಿನ ಕಟ್ಟೆಯ ಮೇಲೇ ಕೂತು ಹೋಗುತ್ತಿದ್ದ, ಶೆಡ್ಡಿನ ಕಡೆ ತಲೆ ಹಾಕುತ್ತಿರಲಿಲ್ಲ. ಭಾವ ಭಾಮೈದ ಇಬ್ಬರೂ ಮಳೆ ಬಿಸಿಲಿನ ಬಗ್ಗೆ ಮಾತಾಡಿ ಏಳುತ್ತಿದ್ದರು.

ಮೊಮ್ಮಗಳು ಡಿಪ್ಲೊಮಾ ಮುಗಿಸಿ ಬಂದವಳೇ ಕಮೀಜಿನ ತೋಳು ಮಡಚಿ, "ತಾತಾ, ಇದನ್ನ ಎಬ್ಬಿಸೋಣು" ಅಂದಳು. ತಾತನ ಕಣ್ಣು ಮಂದ, ಅವಳ ಕಣ್ಣು ಚುರುಕು. ತಾತ ಬೆರಳಲ್ಲಿ ಮುಟ್ಟಿ ಹೇಳುವುದು, ಇವಳು ನೋಡಿ ಬಿಚ್ಚುವುದು. ನನ್ನ ಮಗ ಗೇಟು ಕಿಟಕಿ ವೆಲ್ಡಿಂಗ್ ಮಾಡುವವನು. ತುಕ್ಕು ತಿಂದು ರಸ್ತೆ ಕಾಣುತ್ತಿದ್ದ ಕಾರಿನ ನೆಲಕ್ಕೆ ಹೊಸ ತಗಡು ಹಾಕಿಕೊಟ್ಟ. ಸೀಟು ಮತ್ತು ಮೇಲಿನ ಬಟ್ಟೆಯ ಹೊದಿಕೆ ನನ್ನ ಪಾಲಿಗೆ ಬಂತು. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯದ ಓಣಿಯಿಲ್ಲ, ನನ್ನ ಅರ್ಧ ಆಯುಸ್ಸು ಮಿಷನ್ನಿನ ಮುಂದೆಯೇ ಕಳೆದಿದೆ. ಇದೇನು ಮಹಾ ಅಂದುಕೊಂಡೆ.

ಅಲ್ಲೇ ಕೆಟ್ಟೆ ನೋಡಿ. ನಮ್ಮೂರ ಪ್ಯಾಂಟು ಹೊಲಿದ ಮೇಲೆ ಒಗೆಯಲು ಹೋಗುತ್ತದೆ, ಒಗೆದರೆ ಕುಗ್ಗುತ್ತದೆ. ಅದಕ್ಕೆ ಕತ್ತರಿಸುವಾಗಲೇ ಎರಡು ಬೆರಳು ಹೆಚ್ಚು ಬಿಡುವುದು ನನ್ನ ಕೈಯ ಅಭ್ಯಾಸ. ಕಾರಿನ ಹೊದಿಕೆಗೂ ಕೈ ತಾನಾಗಿ ಬಿಟ್ಟಿತು, ಎಲ್ಲಾ ಕಡೆಯಿಂದಲೂ ಬಿಟ್ಟಿತು. ಅದು ಟಾರ್ಪಾಲಿನ ಜಾತಿಯ ಬಟ್ಟೆ, ಯಾವ ಜನ್ಮಕ್ಕೂ ಕುಗ್ಗುವುದಿಲ್ಲ. ಕಾರಿಗೆ ತೊಡಿಸಿದರೆ ಜೋತುಬಿತ್ತು.

"ಅಜ್ಜೀ, ಇದು ಕಾರಿಗೆ ಹೊಲಿದದ್ದೋ, ಕಾರು ಬಸುರಿ ಆದಮ್ಯಾಲೆ ಹಾಕಾಕೋ?" ಅಂದಳು ಮೊಮ್ಮಗಳು.

ನಮ್ಮವರು ನಗು ನುಂಗಿಕೊಂಡು, "ಬಿಡಬೇ, ಸೀಮಂತಕ್ಕ ಬರತೈತಿ" ಅಂದರು. ನಾನು ಹಟಕ್ಕೆ ಬಿದ್ದು ಅದನ್ನು ಎರಡು ದಿನ ತೊಟ್ಟಿಯಲ್ಲಿ ನೆನೆಹಾಕಿದೆ. ಕೂದಲೆಳೆಯಷ್ಟೂ ಕುಗ್ಗಲಿಲ್ಲ. ಬಿಚ್ಚಿ ಮತ್ತೆ ಹೊಲಿದೆ.

ಎಲ್ಲಾ ಆಯಿತು, ಮೂತಿಯೊಳಗೆ ಮಾತ್ರ ಖಾಲಿ. "ಯಾವ್ದಾರ ಹಳೇ ವ್ಯಾನಿಂದು ಇಂಜಿನ್ ಕೂಡ್ಸಬಹುದು ತಾತಾ" ಎಂದು ಮೊಮ್ಮಗಳು ಅಂದಾಗ ನಮ್ಮವರು ಕೈಯಲ್ಲಿದ್ದ ಸ್ಪಾನರು ಕೆಳಗಿಟ್ಟರು. "ಬ್ಯಾಡ" ಅಂದರು. ಅಷ್ಟೇ ಅಂದು ಹೊರಗೆ ಹೋಗಿ, ನೀರು ಬಿಟ್ಟಾಗಿದ್ದ ಬೇವಿನ ಗಿಡಕ್ಕೆ ಮತ್ತೆ ನೀರು ಬಿಡುತ್ತಾ ನಿಂತರು. ಆಗ ನನಗೆ ಗೊತ್ತಾಯಿತು, ಆ ಇಂಜಿನ್ನೇ ಬರಬೇಕು. ಕೇಳಿದರೆ ಇವರ ಮಾನ ಹೋಗುತ್ತದೆ, ಕೇಳದಿದ್ದರೆ ಕಾರು ಏಳುವುದಿಲ್ಲ.

ತವರು ನೋಡಿ ಬರುತ್ತೇನೆ ಎಂದು ಮೊಮ್ಮಗಳನ್ನು ಕರೆದುಕೊಂಡು ಹೊರಟೆ.

"ಹೋಗು. ಆ ಮಾತು ಮಾತ್ರ ತಗೀಬ್ಯಾಡ, ನನ್ನಾಣಿ ಐತಿ" ಅಂದರು ನಮ್ಮವರು.

ಎರಡು ದಿನ ತವರಲ್ಲಿದ್ದೆ. ಮುದ್ದೆ ಉಂಡೆ, ಹುಳಕ್ಕೆ ಸೊಪ್ಪು ಹಾಕಿದೆ, ನನ್ನ ನಾಲಿಗೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿದುಕೊಂಡೇ ಇದ್ದೆ. ಮೊಮ್ಮಗಳು ಬಾವಿಯ ಹತ್ತಿರವೇ ಬೀಡುಬಿಟ್ಟಳು. ಇಂಜಿನ್ನು ಅಲ್ಲಿ ಕಲ್ಲಿನ ಕಟ್ಟೆಯ ಮೇಲೆ, ತಗಡಿನ ಮಾಡಿನ ಕೆಳಗೆ, ಮೈತುಂಬಾ ಅರಿಸಿನ ಕುಂಕುಮ ಬಳಿದುಕೊಂಡು ಕೂತಿತ್ತು. ಈಗ ಅವನಿಗೆ ಕರೆಂಟಿನ ಮೋಟಾರಿದೆ. ಕರೆಂಟು ಹೋದಾಗ ಮಾತ್ರ ಇದನ್ನು ಎಬ್ಬಿಸುತ್ತಿದ್ದ.

"ಇದು ನಮ್ಮನೆ ಲಕ್ಷ್ಮಿ ಕಣಮ್ಮ" ಅಂದ ನನ್ನ ತಮ್ಮ, ಅದರ ತಲೆ ಸವರುತ್ತಾ. ಲಕ್ಷ್ಮಿಯನ್ನು ಯಾರು ಹೊರಗೆ ಕಳಿಸುತ್ತಾರೆ?

ಅವನು ಅದನ್ನು ಎಬ್ಬಿಸಿ ತೋರಿಸಿದ. ಮೊಮ್ಮಗಳು ಇಂಜಿನ್ನಿನ ಶಬ್ದಕ್ಕೆ ಕಿವಿಗೊಟ್ಟು, "ಸಣ್ಣ ತಾತಾ, ನಾಕು ಸಿಲಿಂಡರಿನಾಗ ಒಂದು ಸುಮ್ಮನೆ ಕುಂತೈತಿ, ಕೆಲ್ಸ ಮಾಡವಲ್ದು" ಅಂದಳು.

"ಓದಿದ ಹುಡ್ಗೀರು ಹಂಗೇ ಅಂತಾರೆ. ಮೂವತ್ತು ಜನ ಮೆಕ್ಯಾನಿಕ್ಕು ನೋಡವ್ರೆ ಇದನ್ನ."

"ಮೂವತ್ತು ಜನ ನೋಡ್ಯಾರ, ಒಬ್ರೂ ಕೇಳಿಲ್ಲ" ಎಂದವಳೇ ಏನೋ ಬಿಚ್ಚಿ, ಉಜ್ಜಿ, ತಿರುಗಿಸಿ ಮತ್ತೆ ಹಚ್ಚಿದಳು. ಕೆಮ್ಮುತ್ತಿದ್ದ ಇಂಜಿನ್ನು ಒಂದೇ ಸಮನೆ ಗುಂಯ್ ಅನ್ನತೊಡಗಿತು. ನನ್ನ ತಮ್ಮ ಬೀಡಿ ಹಚ್ಚುವುದನ್ನೂ ಮರೆತು ನಿಂತ.

"ಯಾರಮ್ಮ ಕಲಿಸಿದ್ದು?"

"ನಮ್ಮ ತಾತ."

ಆ ಸಂಜೆ ತಮ್ಮ ನನ್ನ ಕಡೆ ಒಂದೆರಡು ಸಲ ನೋಡಿದ, ನಾನು ಅವರೆಕಾಳು ಸುಲಿಯುತ್ತಾ ಕೂತೆ.

ಮೂರನೆಯ ದಿನ ಬೆಳಗ್ಗೆ ಹೊರಡಬೇಕು. ಹೆಣ್ಣುಮಗಳು ತವರಿಂದ ಹೊರಡುವಾಗ ಬರಿಗೈಯಲ್ಲಿ ಕಳಿಸುವುದಿಲ್ಲವಲ್ಲ. ತಮ್ಮನ ಹೆಂಡತಿ ಮಣೆ ಹಾಕಿ ಕೂರಿಸಿ, ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆಅಡಿಕೆ, ರವಿಕೆ ಬಟ್ಟೆ ಹಾಕಿ ಮಡಿಲು ತುಂಬಿದಳು. ತಮ್ಮ ಮಾತ್ರ ಕಾಣಲಿಲ್ಲ. ಅಕ್ಕ ಹೊರಟರೂ ಬರಲಿಲ್ಲವಲ್ಲ ಎಂದು ಕಣ್ಣು ತುಂಬಿತು. ಸೆರಗು ಹಿಡಿದು ಏಳುವಷ್ಟರಲ್ಲಿ ಹೊರಗೆ ಟ್ರ್ಯಾಕ್ಟರಿನ ಸದ್ದಾಯಿತು.

"ಅಕ್ಕಾ, ಏಳ್ಬೇಡ! ಇನ್ನೂ ಮುಗ್ದಿಲ್ಲ!"

ಟ್ರೇಲರಿನ ಮೇಲೆ ಇಂಜಿನ್ನು. ಅದರ ಮೇಲೆ ಹಸಿರು ರವಿಕೆ ಬಟ್ಟೆ, ಬಟ್ಟೆಯ ಮೇಲೆ ತೆಂಗಿನಕಾಯಿ. ತಮ್ಮ ಗ್ರೀಸು ಮೆತ್ತಿದ ಕೈ ಪಂಚೆಗೆ ಒರೆಸಿಕೊಳ್ಳುತ್ತಾ ಇಳಿದ.

"ಎಲ್ಡು ದಿನ ಬಾಯಿಗೆ ಬೀಗ ಹಾಕ್ಕಂಡು ಕೂತಿದ್ದೆಯಲ್ಲ! ಚಿಕ್ಕೋಳಿದ್ದಾಗ ಒಂದು ಹಿಡಿ ಕಡ್ಲೆಕಾಯಿಗೆ ಊರು ಎಬ್ಬಿಸ್ತಿದ್ದೆ ನೀನು. ಕೇಳ್ಬಾರ್ದಾಗಿತ್ತೇನು?"

"ನಿಮ್ಮ ಭಾವ ಆಣೆ ಹಾಕಿದಾರೆ ಕಣೋ. ನೀನಾದರೂ ಕೊಡಬಾರದಾಗಿತ್ತೇನು?"

"ಹೆಂಗ್ ಕೊಡ್ಲಿ? ಭಾವ ಕೊಟ್ಟಿದ್ನ ವಾಪಸ್ ಹೊತ್ಕಂಡು ಬಂದ್ರೆ ನಿಮ್ಮ ಕೊಡುಗೆ ನಮಗೆ ಬ್ಯಾಡ ಅಂದಂಗಾಗಲ್ವಾ? ಆ ಶೆಡ್ಡು ನೋಡಿದ್ರೇನೇ ನನಗೆ ನಾಚ್ಕೆ. ರಾತ್ರಿ ನಿನ್ನ ಮೊಮ್ಮಗಳು ಹೇಳ್ತು, ಮಡಿಲಿಗೆ ಹಾಕಿದ್ದು ವಾಪಸ್ ಕೊಟ್ಟಂಗಲ್ಲ ಅಂತ. ಈ ಬುದ್ಧಿ ನಂಗೆ ಯಾಕೆ ಹೊಳೀಲಿಲ್ಲ ಅಂತೀನಿ! ಒಡ್ಡಕ್ಕ ಸೆರಗು."

ನೋಡಿ, ಇಷ್ಟು ವರ್ಷ ಇಬ್ಬರು ಗಂಡಸರು ಒಬ್ಬರ ಮಾನ ಒಬ್ಬರು ಕಾಯುತ್ತಾ ಕೂತಿದ್ದರು! ನಾನು ಟ್ರೇಲರಿನ ಪಕ್ಕ ನಿಂತು ಇಂಜಿನ್ನಿನ ಒಂದು ಮೂಲೆಗೆ ಸೆರಗು ಒಡ್ಡಿದೆ, ಅಳುತ್ತಾ ನಗುತ್ತಾ. ನಾಲ್ಕು ಜನ ಅದನ್ನು ಗೂಡ್ಸ್ ಆಟೋಗೆ ಎತ್ತಿದರು.

ನಡುವೆ ಸಿಗುವ ಕರ್ನಾಟಕದ ಪಾವಗಡ ದಾಟಿ ಮತ್ತೆ ಆಂಧ್ರದ ಗಡಿಗೆ ಬಂದಾಗ ಪೊಲೀಸಪ್ಪ ಕೈ ಅಡ್ಡ ಹಿಡಿದ. "ಏಂದಮ್ಮಾ ಇದಿ?" ಅಂದ ತೆಲುಗಿನಲ್ಲಿ. "ಮಾ ಪುಟ್ಟಿಂಟಿ ಒಡಿಬಿಯ್ಯಂ ಸಾರೂ" ಅಂದೆ, ನಮ್ಮ ತವರಿನ ಮಡಿಲಕ್ಕಿ ಅಂತ. ಅವನು ರವಿಕೆ ಬಟ್ಟೆ ಎತ್ತಿ ನೋಡಿ, ಮತ್ತೆ ಹಾಗೇ ಮುಚ್ಚಿದ. ಇಷ್ಟು ಭಾರದ ಮಡಿಲಕ್ಕಿ ತನ್ನ ಸರ್ವೀಸಿನಲ್ಲೇ ಕಂಡಿಲ್ಲ ಎಂದು ನಕ್ಕು ಬಿಟ್ಟ.

ನಮ್ಮವರು ಗೇಟಿನಲ್ಲೇ ಇದ್ದರು. ಆಟೋದೊಳಗೆ ನೋಡಿದರು, ನನ್ನನ್ನು ನೋಡಿದರು.

"ಕೇಳಿದೆ?"

"ನಿಮ್ಮಾಣೆಗೂ ಇಲ್ಲ. ಮಡಿಲಿಗೆ ಹಾಕಿದ್ರು. ಬೇಡ ಅನ್ನೋಕಾಗುತ್ತೇನು?"

ಅವರು ರವಿಕೆ ಬಟ್ಟೆ ತೆಗೆದು, ನೀಟಾಗಿ ಮಡಚಿ ನನ್ನ ಕೈಗೆ ಕೊಟ್ಟರು. ಆಮೇಲೆ ಇಂಜಿನ್ನಿನ ಮೇಲೆ ಎರಡೂ ಕೈ ಇಟ್ಟು ಸ್ವಲ್ಪ ಹೊತ್ತು ನಿಂತರು. ನಾನು ಚಹಾ ಇಡಲು ಒಳಗೆ ಹೋದೆ.

ಇಂಜಿನ್ನು ಕಾಯದಿರಲೆಂದು ಬಿಡುತ್ತಿದ್ದ ಬಾವಿಯ ಗಡಸು ನೀರು ಹರಿದು ಹರಿದು ಇಂಜಿನ್ನಿನ ಒಳಗೆಲ್ಲ ಸುಣ್ಣ ಕಟ್ಟಿತ್ತು. ಮೊಮ್ಮಗಳು ಯಾವುದೋ ಆಸಿಡ್ಡಿನ ಹೆಸರು ಹೇಳಿದಳು. "ತಾಮ್ರದ ಹಂಡೆಗೆ ಕಟ್ಟುವ ಸುಣ್ಣವೇ ಅಲ್ಲವೇನೇ ಇದೂ?" ಎಂದು ನಾನು ಹುಣಸೆಹಣ್ಣಿನ ಬುಟ್ಟಿ ತಂದಿಟ್ಟೆ. ಹುಣಸೆಹುಳಿ ಕಾಯಿಸಿ, ಸೋಸಿ, ಒಳಗೆ ತುಂಬಿ, ಚೆಲ್ಲಿ, ಮತ್ತೆ ತುಂಬಿ, ಒಂಬತ್ತು ದಿನ ಮಾಡಿದೆವು. ಮೊದಲ ದಿನ ಸುಣ್ಣದ ಹಕ್ಕಳೆ ಬಂತು, ಕೊನೆಗೆ ತಿಳಿಯಾಗಿ ಬಂತು. ಬೀದಿಯವರೆಲ್ಲ ನಮ್ಮ ಮನೆಯಲ್ಲಿ ಯಾರದೋ ಮದುವೆಗೆ ಸಾರು ಮಾಡುತ್ತಿದ್ದಾರೆ ಅಂದುಕೊಂಡರು.

ಹೋದ ಭಾನುವಾರ ಬೆಳಗ್ಗೆ ನನ್ನ ತಮ್ಮನೂ ಬಂದ. ಈ ಸಲ ಕಟ್ಟೆಯ ಮೇಲೆ ಕೂರಲಿಲ್ಲ, ನೆಟ್ಟಗೆ ಶೆಡ್ಡಿನೊಳಗೆ ನಡೆದ. ಮೊಮ್ಮಗಳು, "ತಾತಾ, ಸ್ಟಾರ್ಟ್ ಹೊಡೀರಿ" ಅಂದಳು. ಮೊದಲು ಬಿಳಿ ಹೊಗೆ, ಹಳೆಯ ಸೀಮೆಎಣ್ಣೆಯ ವಾಸನೆ, ಎಲ್ಲರೂ ಕೆಮ್ಮಿದೆವು. ಆಮೇಲೆ ಇಂಜಿನ್ನು ಒಂದೇ ಸಮನೆ ಗುಂಯ್ ಅಂದಿತು. ಮೊಮ್ಮಗಳು ಕುಣಿದಳು, ನಾನೂ ಕುಣಿದೆ, ಮಂಡಿನೋವು ಆಮೇಲೆ ನೆನಪಾಯಿತು.

ನಾನು ಹೊಸ ಸೀರೆ ಉಟ್ಟು, ಹೂ ಮುಡಿದು, ಪಕ್ಕದ ಸೀಟಿಗೆ ತಯಾರಾಗಿಯೇ ನಿಂತಿದ್ದೆ. ನಮ್ಮವರು ಸ್ಟಿಯರಿಂಗ್ ಹಿಡಿದು ಕೂತು, "ಬಾರೋ ಭಾಮೈದ, ಕುಂದ್ರು" ಅಂದುಬಿಟ್ಟರು! ಇಬ್ಬರೂ ನನ್ನ ಕಣ್ಣೆದುರೇ ಬಳ್ಳಾರಿ ರಸ್ತೆಗೆ ಬಿದ್ದು ಹೋದರು. "ಅಜ್ಜೀ, ನಿನ್ನ ಬಿಟ್ಟು ಹೋದ್ರಲ್ಲ!" ಎಂದು ಮೊಮ್ಮಗಳು ಹೊಟ್ಟೆ ಹಿಡಿದು ನಕ್ಕಳು. ಡಿ. ಹಿರೇಹಾಳ್ ಕಡೆ ಎಲ್ಲೋ ಹೋಗಿ ಚಹಾ ಕುಡಿದು, ಮೈಯೆಲ್ಲ ಕೆಂಪು ಧೂಳು ಮಾಡಿಕೊಂಡು, ಒಂದೂವರೆ ಗಂಟೆಯ ಮೇಲೆ ಬಂದರು. ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು, ಒಬ್ಬರ ಮಾತು ಒಬ್ಬರು ಕೇಳುತ್ತಿರಲಿಲ್ಲ, ಅಷ್ಟು ಸಲಿಗೆ.

ನಾನು ಬಾಗಿಲು ತೆಗೆದು ತಮ್ಮನ ತೋಳು ಹಿಡಿದು ಎಳೆದೆ. "ಇಳಿಯೋ. ಮಡಿಲು ತುಂಬಿದ್ದು ನನಗೆ."

ಊರು ದಾಟಿದ ಮೇಲೆ ಗಾಳಿ ಎಷ್ಟು ಬೀಸಿತೆಂದರೆ ಮುಡಿದಿದ್ದ ಹೂ ಹಾರಿ ಹೋಯಿತು. ನಮ್ಮವರು ಏನೋ ಅಂದರು, ಕೇಳಿಸಲಿಲ್ಲ.

"ಏನಂದ್ರಿ?" ಎಂದು ಕೂಗಿದೆ.

"ಗೇರು ಸೊಲ್ಪ ಗೊರಗೊರ ಅನ್ನಾಕತ್ತೈತಿ!" ಅವರೂ ಕೂಗಿದರು. "ಮಡಿಲಿಗೆ ಗೇರ್ ಬಾಕ್ಸ್ ಹಾಕಾಕ ನಿನಗ ಇನ್ನೊಬ್ಬ ತಮ್ಮ ಅದಾನೇನು?"