ಕುಂಟುವ ಹಕ್ಕಿಯೂ ನನ್ನ ಎಡಗಾಲೂ

ನನ್ನ ಎಡಗಾಲು ಚೆನ್ನಾಗಿಯೇ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಡಮಾಡಿದರೆ ಮತ್ತೆ ಕುಂಟಲು ಶುರುಮಾಡುವ ಅಭ್ಯಾಸ ನನ್ನದು.

ಮೊನ್ನೆ ಮೊನ್ನೆಯವರೆಗೂ ಸೇಲಂ ಪೇಟೆಯ ನಮ್ಮ ನೇಕಾರರ ಬೀದಿಯಲ್ಲಿ ನನ್ನ ಬಗ್ಗೆ ಯಾರನ್ನು ಕೇಳಿದ್ದರೂ ತಮಿಳಿನವರು ‘ಪಾವಂ, ನೊಂಡಿ’ ಎಂದು ಮರುಗುತ್ತಿದ್ದರು. ನಮ್ಮವರು ಕನ್ನಡದಲ್ಲಿ ‘ಕುಂಟ ಚೌಡ’ ಎಂದು ಮರುಕವಿಲ್ಲದೆ ಹೇಳುತ್ತಿದ್ದರು. ಎರಡು ಭಾಷೆಗಳಲ್ಲಿ ಹೆಸರು ಮಾಡಿದ ಕಾಲು ಅದು.

ಕುಂಟು ಪೂರ್ತಿ ಸುಳ್ಳೆಂದೂ ಹೇಳಲಾರೆ. ಮಗ್ಗದ ಹಾಸಿನ ಎಳೆಗಳನ್ನು ಬಿಗಿಯಲು ಕಟ್ಟಿದ್ದ ಕಲ್ಲು ಒಂದು ದಿನ ಹಗ್ಗ ಹರಿದು ನನ್ನ ಪಾದದ ಮೇಲೆ ಬಿತ್ತು. ಊತ ಬಂತು. ಆಮೇಲೆ ಇಳಿಯಿತು. ಊತ ಇಳಿದ ದಿನ ಕುಂಟುವುದನ್ನೂ ನಿಲ್ಲಿಸಬೇಕಾಗಿತ್ತು. ಮರೆತೆ ಎಂದು ಕೆಲವು ದಿನ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಹಾಗೆ ಹೇಳಿಕೊಳ್ಳುವುದನ್ನೂ ಮರೆತೆ.

ನಮ್ಮದು ಗುಂಡಿ ಮಗ್ಗ. ನೇಯುವವನು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ಮೇಲೆ ಕೈ ಲಾಳಿ ಎಸೆಯುತ್ತದೆ, ಕೆಳಗೆ ಕಾಲು ಹಲಗೆ ತುಳಿಯುತ್ತದೆ. ಸೀರೆ ಕೊಳ್ಳುವವರು ನೇಕಾರನ ಕೈಯನ್ನು ಹೊಗಳುತ್ತಾರೆ. ಗುಂಡಿಯೊಳಗೆ ಬಗ್ಗಿ ನೋಡಿದವರು ಯಾರೂ ಇಲ್ಲ. ಬೆಳಗಿನಿಂದ ದೀಪ ಹಚ್ಚುವವರೆಗೂ ಸವೆಯುವುದು ಕಾಲು. ಆದ್ದರಿಂದ ಕಾಲು ಕೆಟ್ಟವನಿಗೆ ಮಗ್ಗದಿಂದ ರಜೆ. ನಮ್ಮ ಕಸುಬಿಗೆ ಕುಂಟಿಗಿಂತ ಹೊಂದುವ ಕಾಯಿಲೆ ಇನ್ನೊಂದಿಲ್ಲ.

ಅಪ್ಪ, ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅಕ್ಕ ನಂಜಮ್ಮ, ನಾನು ಮತ್ತು ಮಗ್ಗ. ನಾನು ಗುಂಡಿಯಿಂದ ಮೇಲೆ ಬಂದೆ, ಅಕ್ಕ ಇಳಿದಳು. ನಮ್ಮಲ್ಲಿ ಹೆಂಗಸರು ನೂಲು ಸುತ್ತುತ್ತಾರೆ, ಅದಕ್ಕೆ ಗಂಜಿ ಹಾಕುತ್ತಾರೆ, ಗುಂಡಿಗೆ ಇಳಿಯುವುದಿಲ್ಲ. ಬೀದಿಯವರು ಬಾಗಿಲಲ್ಲಿ ನಿಂತು ಅವಳನ್ನು ನೋಡಿ ಹೋದರು. ಅವಳ ನೂಲು ಸುತ್ತುವ ಕೆಲಸವನ್ನು ನಾನು ದೊಡ್ಡ ಮನಸ್ಸು ಮಾಡಿ ವಹಿಸಿಕೊಂಡೆ. ಅದು ನೆರಳಿನಲ್ಲಿ ಗೋಡೆಗೆ ಒರಗಿ ಮಾಡುವ ಕೆಲಸ.

ಅಕ್ಕನಿಗೆ ಗಂಡು ಹುಡುಕುವ ಅಗತ್ಯವಿರಲಿಲ್ಲ. ಅವ್ವನ ಕಿರಿಯ ತಮ್ಮ, ನಮ್ಮ ಮಾವ, ಮೆಟ್ಟೂರಿನ ಅಣೆಕಟ್ಟಿನ ಆಫೀಸಿನಲ್ಲಿ ಪ್ಯೂನು. ಅಕ್ಕ ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಮಾವ ಬಂದಾಗಲೆಲ್ಲ ಕೇಳುವನು, ಅಕ್ಕನದು ಒಂದೇ ಉತ್ತರ.

“ಇವ್ನ ಕಾಲೊಂದು ಸರಿಯಾಗ್ಲಿ ಮಾವ. ನಾನ್ ಬಂದ್ಬುಟ್ರೆ ಮಗ್ಗ ತುಳಿಯೋರ್ಯಾರು? ಇವ್ನ ಒಟ್ಟೆಗೇನು?”

“ಯಾವಾಗ್ಲಾ ಸರಿಯಾಗೋದು ಇದು?” ಎಂದು ಮಾವ ನನ್ನ ಕಡೆ ತಿರುಗುವನು. “ನನ್ ಮೀಸೆ ಬೆಳ್ಳಗಾದ್ ಮೇಲಾ?”

ನಾನು ಕಾಲನ್ನು ಪಂಚೆಯೊಳಗೆ ಎಳೆದುಕೊಳ್ಳುತ್ತಿದ್ದೆ. ಒಂದು ಮದುವೆ, ಒಂದು ಮಗ್ಗ, ಮೂರು ಜನರ ಬಾಳು, ಎಲ್ಲವೂ ಆ ಎಡಗಾಲಿನ ಮೇಲೆ ನಿಂತಿತ್ತು. ಅಷ್ಟು ಭಾರ ಹೊತ್ತದ್ದೇ ಅದು ಗಟ್ಟಿಯಾಗಿತ್ತು ಎಂಬುದಕ್ಕೆ ಸಾಕ್ಷಿ.

ನಾನು ಓದಿದ್ದು ತಮಿಳು ಪಳ್ಳಿಕೂಟದ ಮೂರನೇ ಕ್ಲಾಸು. ಕನ್ನಡದ ಅಕ್ಷರಗಳನ್ನು ಅಪ್ಪ ಮಗ್ಗದ ಪಕ್ಕದ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆದು ಕಲಿಸಿದ. ಆದ್ದರಿಂದ ಶಾಸ್ತ್ರ ಹೇಳಲಾರೆ. ಆದರೆ ಕುಂಟುವ ವಿಷಯದಲ್ಲಿ ನನ್ನ ಮಾತಿಗೆ ನೀವು ಬೆಲೆ ಕೊಡಬಹುದು. ಶನಿದೇವನೂ ಕುಂಟನಂತೆ. ಅದಕ್ಕೇ ಮೆಲ್ಲಗೆ ನಡೆಯುತ್ತಾನೆ, ಒಂದು ಮನೆ ಹೊಕ್ಕರೆ ಬೇಗ ಎದ್ದು ಹೋಗುವುದಿಲ್ಲ. ನಾನೂ ಅಕ್ಕನ ಪಾಲಿಗೆ ಹಾಗೆಯೇ ಕೂತಿದ್ದೆ. ಒಳ್ಳೆಯ ಕುಂಟು ಎಲ್ಲ ಕಡೆಯೂ ಒಂದೇ ಸಮ ಇರಬೇಕು. ನನ್ನದು ಮಗ್ಗದ ಹತ್ತಿರ ಜೋರಾಗುತ್ತಿತ್ತು, ಇಡ್ಲಿ ಅಂಗಡಿಯ ಕಡೆ ಸಡಿಲವಾಗುತ್ತಿತ್ತು. ಒಂದೆರಡು ಸಲ ಕಾಲೇ ಬದಲಾದದ್ದುಂಟು. ಯಾರೂ ಗಮನಿಸಲಿಲ್ಲ. ಜನ ಕುಂಟನ ಕಾಲನ್ನು ಒಂದು ಸಲ ನೋಡಿ ಆಮೇಲೆ ಮುಖ ನೋಡುತ್ತಾರೆ. ಮುಖವನ್ನು ನಾನು ಚೆನ್ನಾಗಿ ಇಟ್ಟುಕೊಂಡಿದ್ದೆ.

ಈ ವಿದ್ಯೆಗೆ ಸರಕಾರಿ ಕೆಲಸವೂ ಸಿಕ್ಕಿತು.

ಅಣೆಕಟ್ಟು ಆದಮೇಲೆ ಕಾವೇರಿ ಮೆಟ್ಟೂರಿನ ಹಿಂದೆ ಸಮುದ್ರದ ಹಾಗೆ ಹರಡಿಕೊಂಡಿದೆ. ನಾನು ಸಮುದ್ರ ನೋಡಿಲ್ಲ. ನೋಡಿದವರೂ ಇದನ್ನು ಸಮುದ್ರ ಎನ್ನುವುದರಿಂದ ನನಗೇನೂ ನಷ್ಟವಿಲ್ಲ. ಬೇಸಿಗೆಯಲ್ಲಿ ನೀರು ಇಳಿದರೆ ದಡ ಅಗಲವಾಗುತ್ತದೆ. ಮುಳುಗಿದ್ದ ಹೊಲಗಳ ಬದು, ಯಾರದೋ ಕಣ, ಸತ್ತ ಹುಣಸೆಮರದ ಬೊಡ್ಡೆ, ನಡುವೆಯೆಲ್ಲ ಮರಳು ಮತ್ತು ನುಣುಪು ಕಲ್ಲು. ಆ ಕಲ್ಲುಗಳ ನಡುವೆ ನೀರಿನಂಚಿನ ಹಕ್ಕಿಗಳು ಮೊಟ್ಟೆ ಇಡುತ್ತವೆ. ಗೂಡು ಗೀಡು ಏನೂ ಇಲ್ಲ, ನೆಲದಲ್ಲಿ ಒಂದು ಸಣ್ಣ ತಗ್ಗು. ಮಾವನ ಆಫೀಸಿನ ದೊರೆಗೆ ಈ ಹಕ್ಕಿಗಳೆಂದರೆ ಪ್ರಾಣ. ಊರೂರುಗಳೇ ಎದ್ದುಹೋದ ಜಾಗದಲ್ಲಿ ಹಕ್ಕಿಯನ್ನು ಮಾತ್ರ ಎಬ್ಬಿಸಬಾರದು ಎಂದು ಹುಕುಂ ಆಯಿತು. ಗೂಟ ನೆಟ್ಟು ಹಗ್ಗ ಕಟ್ಟಿದರು. ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಬೋರ್ಡು ನಿಲ್ಲಿಸಿದರು. ಅಲ್ಲಿ ಓಡಾಡುವವು ಕುರಿಗಳು. ಅವನ್ನು ಮೇಯಿಸುವವರು ಓದು ಬಾರದ ನಮ್ಮ ಕನ್ನಡದ ಜನ.

ಮೊದಲು ಇಟ್ಟ ಕಾವಲುಗಾರ ತುಂಬ ಚುರುಕಿನವನು. ದಿನವಿಡೀ ಸುತ್ತಿ ಸುತ್ತಿ ಮೊಟ್ಟೆಗಳನ್ನೆಲ್ಲ ತುಳಿದ. ಆಗ ಮಾವ ದೊರೆಗೆ ನನ್ನ ಶಿಫಾರಸು ಮಾಡಿದ: ಕುಂಟ, ಕೂತಲ್ಲಿಂದ ಏಳುವುದಿಲ್ಲ. ದೊರೆಗೆ ಬಹಳ ಹಿಡಿಸಿತು. ನನ್ನನ್ನು ಕಂಡ ದಿನವೇ ತಮ್ಮದೊಂದು ಬೆತ್ತವನ್ನು ನನಗೆ ಕೊಟ್ಟುಬಿಟ್ಟರು. ನನ್ನ ಸುಳ್ಳಿಗೆ ಸಿಕ್ಕಿದ ಮೊದಲ ಬಿರುದು ಅದು. ನನ್ನ ಹೊಟ್ಟೆಗೆ ದಾರಿಯಾದರೆ ಅಕ್ಕ ಒಪ್ಪುತ್ತಾಳೆ ಎಂದು ಮಾವನ ಎಣಿಕೆ. ಅಕ್ಕ ಒಪ್ಪಲಿಲ್ಲ.

“ಆಡಿ ತಿಂಗ್ಳ ಮಳೇಲಿ ನೀರು ಬಂದ್ರೆ ಆ ಕೆಲ್ಸಾನೂ ಮುಳುಗೋಯ್ತದೆ ಮಾವ. ಕಾಲು ಮುಳುಗ್ತದಾ? ಅದು ಸರಿಯಾಗ್ಲಿ.”

ಹೀಗೆ ನಾನು ತೆಂಗಿನ ಗರಿಯ ಚಪ್ಪರದ ಕೆಳಗೆ ಕೂತೆ. ಯಾವ ಹಕ್ಕಿ ಮೊಟ್ಟೆಯ ಮೇಲಿದೆ, ಯಾವುದು ಎದ್ದು ಹೋಯಿತು, ಯಾವ ತಗ್ಗಿನಲ್ಲಿ ಮರಿ ಹೊರಬಂತು ಎಂದು ನೋಡಿಕೊಂಡಿದ್ದು ಸಂಜೆ ದೊರೆ ಸೈಕಲ್ಲಿನಲ್ಲಿ ಬಂದಾಗ ಹೇಳಬೇಕು. ಕಾಗೆ, ನಾಯಿ, ಕುರಿ ಬಂದರೆ ಗದರಬೇಕು. ಅಲ್ಲಿ ಕಾವಲಿಗೆ ನನಗಿಂತ ಹಳಬರಿದ್ದರು, ಟಿಟ್ಟಿಭಗಳು. ತಮಿಳಿನಲ್ಲಿ ಅದನ್ನು ಆಳ್‌ಕಾಟ್ಟಿ ಎನ್ನುತ್ತಾರೆ, ಆಳು ಬಂದರೆ ಕೂಗಿ ತೋರಿಸಿಕೊಡುವ ಹಕ್ಕಿ ಎಂದು. ನನ್ನನ್ನು ಕಂಡಾಗ ಅದು ಸ್ವಲ್ಪ ಹೆಚ್ಚಾಗಿಯೇ ಕೂಗುತ್ತಿತ್ತು ಎಂದು ನನಗೆ ಅನುಮಾನ.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಬೇರೊಂದು ಹಕ್ಕಿ. ಗುಬ್ಬಿಗಿಂತ ಕೊಂಚ ದೊಡ್ಡದು. ಕುತ್ತಿಗೆಗೆ ಕರಿಯ ಪಟ್ಟಿ, ಕಣ್ಣಿನ ಸುತ್ತ ಹಳದಿ ಬಳೆ. ದೊರೆ ಅದರ ಹೆಸರು ಹೇಳಿದ್ದರು, ನನ್ನ ನಾಲಿಗೆಯಲ್ಲಿ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ನೀರಿಗೆಂದು ಮಡಕೆ ಹಿಡಿದು ಹೋಗುತ್ತಿದ್ದೆ. ಕಾಲ ಬಳಿಯಿಂದಲೇ ಅದು ಎದ್ದು, ಎದುರಿಗೇ ಬಿದ್ದು, ಒಂದು ರೆಕ್ಕೆಯನ್ನು ನೆಲಕ್ಕೆ ಎಳೆಯುತ್ತ ಕುಂಟಿಕೊಂಡು ಹೊರಟಿತು. ಅಯ್ಯೋ ಎನ್ನಿಸಿತು. ಹಿಡಿದು ನೀರು ಕುಡಿಸೋಣವೆಂದು ಹಿಂದೆಯೇ ಹೋದೆ. ನಾನು ನಿಂತರೆ ಅದೂ ನಿಂತು ನರಳುತ್ತಿತ್ತು, ಹತ್ತಿರ ಹೋದರೆ ಮುಂದಕ್ಕೆ ತೆವಳುತ್ತಿತ್ತು. ಹೀಗೆ ನನ್ನನ್ನು ಬಹಳ ದೂರ ಕರೆದುಕೊಂಡು ಹೋಗಿ, ಎರಡೂ ರೆಕ್ಕೆ ಬಿಚ್ಚಿ, ಸುಖವಾಗಿ ಹಾರಿಹೋಯಿತು.

ನಾನು ಮಡಕೆ ಹಿಡಿದು ನಿಂತೇ ಇದ್ದೆ. ಮೋಸ ಹೋದ ಸಿಟ್ಟಿಗಿಂತ ಒಂದೇ ಕಸುಬಿನವರು ಎದುರುಬದುರಾದಾಗ ಆಗುವ ಮುಜುಗರವೇ ಹೆಚ್ಚಾಗಿತ್ತು. ಅದರ ಕುಂಟಿನಲ್ಲಿ ನನ್ನ ತಪ್ಪುಗಳೆಲ್ಲ ಇದ್ದವು. ಒಂದು ಸಲ ಎಡರೆಕ್ಕೆ ಎಳೆದರೆ ಇನ್ನೊಂದು ಸಲ ಬಲರೆಕ್ಕೆ. ಅಪಾಯ ದಾಟಿದ ಕೂಡಲೇ ವಾಸಿ. ಆದರೆ ಅದರ ಬೆನ್ನ ಹಿಂದೆ, ಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ಮೊಟ್ಟೆಗಳಿದ್ದವು. ಬಿಸಿಲು ಏರಿದಾಗ ಆ ಹಕ್ಕಿ ನೀರಿಗೆ ಓಡಿ ಎದೆ ನೆನೆಸಿಕೊಂಡು ಬಂದು ಅವುಗಳ ಮೇಲೆ ಕೂರುತ್ತಿತ್ತು. ಬೇಸಿಗೆಯಲ್ಲಿ ನೂಲು ಒಣಗಿ ಪಟಪಟ ಹರಿಯದಿರಲೆಂದು ಅಕ್ಕ ಮಗ್ಗದ ಸುತ್ತ ನೀರು ಚಿಮುಕಿಸುವುದು ನೆನಪಾಯಿತು. ಹಕ್ಕಿ ಕುಂಟುವುದು ಅಪಾಯವನ್ನು ತನ್ನ ಕಡೆಗೆ ಎಳೆದುಕೊಳ್ಳಲು. ನಾನು ಕುಂಟಿದ್ದು ಅದನ್ನು ಅಕ್ಕನ ಕಡೆಗೆ ತಳ್ಳಲು. ವಿದ್ಯೆ ಒಂದೇ, ಮುಖ ಮಾಡಿದ ದಿಕ್ಕು ಬೇರೆ. ಇದು ಹೊಳೆದ ದಿನವೇ ಎದ್ದು ಸೇಲಂ ರೈಲು ಹತ್ತಬೇಕಿತ್ತು. ಆದರೆ ಕಾವಲು ಬಿಟ್ಟು ಹೋಗುವುದು ತಪ್ಪಲ್ಲವೇ? ನನಗೆ ಕರ್ತವ್ಯ ನೆನಪಾಗುವುದು ಇಂಥ ಸಮಯದಲ್ಲೇ.

ಹೀಗಿರುವಾಗ ಅಕ್ಕನೇ ಬಂದಳು. ಮೊರಪ್ಪೂರಿನ ಕಡೆ ಮೂಳೆಗೆ ಎಣ್ಣೆ ಕೊಡುವ ವೈದ್ಯನೊಬ್ಬ ಇದ್ದಾನೆಂದು ಯಾರೋ ಹೇಳಿ, ಮಗ್ಗ ನಿಲ್ಲಿಸಿ, ಅಲ್ಲಿಗೆ ಹೋಗಿ ಎಣ್ಣೆ ತಂದಿದ್ದಳು. ಮಾವ ಜೊತೆಗಿದ್ದ. ಕಲ್ಲುಗಳ ಮೇಲೆ ಅವಳು ನಡೆದು ಬರುವುದನ್ನು ಚಪ್ಪರದಿಂದ ನೋಡಿದೆ. ದಿನವಿಡೀ ನಡಿಗೆಗಳನ್ನು ನೋಡುವುದೇ ಕೆಲಸವಾದವನ ಕಣ್ಣು ನನ್ನದು. ಅಕ್ಕ ಬಲಗಾಲು ಊರುವಾಗ ತುಟಿ ಕಚ್ಚುತ್ತಿದ್ದಳು. ನಾನು ನೋಡುತ್ತಿದ್ದೇನೆಂದು ತಿಳಿದ ಕೂಡಲೇ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಡೆದಳು.

ನೋವಿಲ್ಲದೆ ನಾನು ಕುಂಟುತ್ತಿದ್ದೆ. ನೋವಿಟ್ಟುಕೊಂಡು ಅವಳು ಕುಂಟದೆ ಬರುತ್ತಿದ್ದಳು.

“ಎಂಗೈತ್ಲಾ ಕಾಲು?”

“ಅಂಗೇ ಐತೆ ಅಕ್ಕ. ನಿಂದ್ಯಾಕೆ ಅಂಗೆ?”

“ನಂದೇನು? ಕಲ್ಲು ಒತ್ತುತ್ತೆ ಅಷ್ಟೆ. ಚಾಚು ಕಾಲ್ನ.”

ಗಾಬರಿಯಲ್ಲಿ ಚಾಚಿದೆ. ಅವಳು ನೆಲದಲ್ಲಿ ಕೂತು ನನ್ನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಎಣ್ಣೆ ಹಚ್ಚಿ ಉಜ್ಜತೊಡಗಿದಳು. ಹಲಗೆ ತುಳಿದು ತುಳಿದು ಅವಳ ಹಿಮ್ಮಡಿ ಒಡೆದು ಬಾಯಿ ಬಿಟ್ಟಿತ್ತು. ನನ್ನ ಪಾದ ಮಗುವಿನ ಕೆನ್ನೆಯ ಹಾಗಿತ್ತು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಆಗಲೇ ಟಿಟ್ಟಿಭಗಳು ಬೊಬ್ಬೆ ಹಾಕಿದವು.

ಕುರಿಮಂದೆ ಹಗ್ಗ ದಾಟಿ ಒಳಗೆ ಬರುತ್ತಿತ್ತು. ಕಪ್ಪು ಪಟ್ಟಿಯ ಹಕ್ಕಿಯ ಮರಿಗಳು ಅಂದೇ ಬೆಳಿಗ್ಗೆ ಮೊಟ್ಟೆಯಿಂದ ಹೊರಬಂದಿದ್ದವು, ಹತ್ತಿಯ ಉಂಡೆಗಳ ಹಾಗೆ. ಹಕ್ಕಿ ಕುರಿಗಳ ಮುಂದೆ ಬಿದ್ದು ರೆಕ್ಕೆ ಎಳೆಯಿತು, ಹೊರಳಿತು, ನರಳಿತು. ಅಷ್ಟು ಚೆನ್ನಾಗಿ ಅದು ಕುಂಟಿದ್ದನ್ನು ನಾನು ನೋಡಿರಲಿಲ್ಲ. ಕುರಿಗಳು ತಲೆ ಸಹ ಎತ್ತಲಿಲ್ಲ. ಇಂಥ ಆಟ ನಡೆಯಬೇಕಾದರೆ ನೋಡುವವರಲ್ಲಿ ಆಸೆ ಇರಬೇಕು, ಇಲ್ಲವೇ ಕನಿಕರ ಇರಬೇಕು. ಕುರಿಗೆ ಎರಡೂ ಇಲ್ಲ. ನನ್ನ ಆಟ ಅಷ್ಟು ಕಾಲ ನಡೆದದ್ದು ಯಾರ ಕನಿಕರದ ಮೇಲೆ ಎಂದು ಯೋಚಿಸಲು ಆಗ ಹೊತ್ತಿರಲಿಲ್ಲ.

ನಾನು ಓಡಿದೆ. ದೊರೆಯ ಬೆತ್ತವನ್ನು ತಲೆಯ ಮೇಲೆ ಬೀಸುತ್ತ, ಪಂಚೆ ಎತ್ತಿಕಟ್ಟಿ, ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತ ಓಡಿದೆ. ಮಂದೆ ದಿಕ್ಕಾಪಾಲಾಯಿತು. ಮೇಯಿಸುತ್ತಿದ್ದ ಮುದುಕ ದಡದ ಮೇಲಿಂದ ಕೂಗಿದ: “ಅಯ್ಯಯ್ಯೋ, ನೋಡ್ರಲಾ! ಕುಂಟನ್ ಕಾಲಿಗೆ ದೇವ್ರು ಬಂದೈತೆ!”

ಮರಿಗಳು ಉಳಿದವು. ನಾನು ಉಳಿಯುವುದು ಹೇಗೆಂದು ತಿಳಿಯಲಿಲ್ಲ. ಚಪ್ಪರಕ್ಕೆ ವಾಪಸು ಬರುವಾಗ ಯಾವ ಕಾಲಿನಲ್ಲಿ ಕುಂಟಬೇಕೆಂಬುದೂ ನೆನಪಾಗದೆ ನೆಟ್ಟಗೇ ನಡೆದೆ. ಮಾವನ ಮುಖ ಕೆಂಪಾಗಿತ್ತು.

“ಏನ್ಲಾ ಇದು? ಕುದ್ರೆ ಓಡ್ದಂಗೆ ಓಡ್ದಲ್ಲ! ಇಷ್ಟ್ ದಿನ...”

ಅಕ್ಕ ಅವನ ಮಾತನ್ನು ಮುಗಿಸಗೊಡಲಿಲ್ಲ. ಎಣ್ಣೆ ಮೆತ್ತಿದ ಎರಡೂ ಕೈಗಳನ್ನು ಅವನ ಮುಂದೆ ಹಿಡಿದಳು.

“ನೋಡ್ದಾ ಮಾವ? ಕೈ ಇನ್ನೂ ಒಣಗಿಲ್ಲ, ಆಗ್ಲೇ ವಾಸಿಯಾಗೋಯ್ತು. ಆ ವೈದ್ಯ ಸಾಮಾನ್ಯದವನಲ್ಲ.”

ಮಾವ ನನ್ನ ಕಾಲು ನೋಡಿದ, ಅಕ್ಕನ ಮುಖ ನೋಡಿದ. ಅವನಿಗೆ ಬೇಕಾಗಿದ್ದದ್ದು ಸತ್ಯವಲ್ಲ, ಮದುವೆ. “ಒಳ್ಳೆ ಎಣ್ಣೆ” ಎಂದ.

ಆಗ ನಾನೂ ತಲೆ ತಗ್ಗಿಸಿ ನನ್ನ ಕಾಲುಗಳನ್ನು ನೋಡಿಕೊಂಡೆ. ಓಡಿದ ಮರಳೆಲ್ಲ ಎಣ್ಣೆಗೆ ಅಂಟಿಕೊಂಡಿತ್ತು. ಅಂಟಿದ್ದು ಬಲಗಾಲಿಗೆ. ಗಾಬರಿಯಲ್ಲಿ ನಾನು ಚಾಚಿದ್ದು ಅದನ್ನು. ಅಷ್ಟು ಹೊತ್ತೂ ಅಕ್ಕ ಉಜ್ಜಿದ್ದು ಅದನ್ನು. ತಲೆ ಎತ್ತಿದರೆ ಅವಳು ಎಣ್ಣೆಯ ಶೀಷೆಗೆ ಬಿರಡೆ ಹಾಕುವುದರಲ್ಲಿ ಮಗ್ನಳಾಗಿದ್ದಳು.

ಮದುವೆ ಆಯಿತು. ಅಕ್ಕ ಈಗ ಮೆಟ್ಟೂರಿನಲ್ಲಿದ್ದಾಳೆ. ಶೀಷೆಯಲ್ಲಿ ಉಳಿದದ್ದನ್ನು ತನ್ನ ಕಾಲಿಗೆ ಹಚ್ಚಿಕೊಳ್ಳುತ್ತಾಳಂತೆ, ಆದರೆ ಕೇಳಿದರೆ ಒಪ್ಪಿಕೊಳ್ಳುವುದಿಲ್ಲ. ಎಣ್ಣೆಯ ಕೀರ್ತಿ ದೊರೆಯವರೆಗೂ ಹೋಗಿ, ಅವರೂ ಮಂಡಿನೋವಿಗೆ ತರಿಸಿಕೊಂಡರು. ಅವರಿಗೆ ವಾಸಿಯಾಗಲಿಲ್ಲ. ನಿಜವಾದ ನೋವಿರಬೇಕು. ಬೆತ್ತವನ್ನು ವಾಪಸು ತೆಗೆದುಕೊಳ್ಳಲು ಅವರು ಒಪ್ಪದ್ದರಿಂದ ಅದೀಗ ನನ್ನ ಮಗ್ಗದಲ್ಲಿ ಹಾಸಿನ ಎಳೆಗಳನ್ನು ಬಿಡಿಸಿ ಹಿಡಿಯುವ ಕೋಲಾಗಿದೆ. ಆಡಿ ತಿಂಗಳಲ್ಲಿ ನೀರು ಬಂದು ದಡ ಮುಚ್ಚಿತು. ಅಷ್ಟರಲ್ಲಿ ಹಕ್ಕಿಯ ಮರಿಗಳು ಹಾರಿಹೋಗಿದ್ದವು.

ನಾನು ಗುಂಡಿಯಲ್ಲಿ ಕೂತು ನೇಯುತ್ತೇನೆ. ಇತ್ತೀಚೆಗೆ ಹಲಗೆ ತುಳಿದು ತುಳಿದು ಎಡಗಾಲು ನಿಜವಾಗಿಯೂ ನೋಯುತ್ತದೆ. ಅದೇ ಪಾದ, ಕಲ್ಲು ಬಿದ್ದ ಅದೇ ಜಾಗ. ಆದರೆ ಯಾರಿಗೆ ಹೇಳಲಿ? ಅಕ್ಕನ ಎಣ್ಣೆಯಲ್ಲಿ ವಾಸಿಯಾದ ಕಾಲು ಅದು. ಮೆಟ್ಟೂರಿಗೆ ಹೋದಾಗ ಸ್ಟೇಷನ್ನಿನಿಂದ ಅವಳ ಮನೆಯವರೆಗೂ ತುಟಿ ಕಚ್ಚಿ ನೆಟ್ಟಗೆ ನಡೆಯುತ್ತೇನೆ. ಅವಳೂ ಬಾಗಿಲಿನಿಂದ ನೆಟ್ಟಗೆ ನಡೆದು ಎದುರು ಬರುತ್ತಾಳೆ. ಕುಂಟದೆ ನಡೆಯುವುದು ಕುಂಟುವುದಕ್ಕಿಂತ ಬಹಳ ಕಷ್ಟದ ವಿದ್ಯೆ. ನಾನು ಈಗಷ್ಟೇ ಕಲಿಯುತ್ತಿದ್ದೇನೆ. ಅವಳು ನನ್ನ ನಡಿಗೆಯನ್ನು ಒಂದು ಸಲ ನೋಡುತ್ತಾಳೆ, ಆಮೇಲೆ ಮುಖ ನೋಡಿ, “ಎಂಗೈತ್ಲಾ ಕಾಲು?” ಎನ್ನುತ್ತಾಳೆ.

“ಚೆನ್ನಾಗೈತೆ ಅಕ್ಕ” ಎನ್ನುತ್ತೇನೆ. ಕಾಲಿನ ವಿಷಯದಲ್ಲಿ ನಾನು ಈಗಲೂ ನಿಜ ಹೇಳುವುದಿಲ್ಲ.